ಐಲಾಳ ತಂಗಿಯ ಹೆಸರು

"ಯೇನಾ?" ಗರ್ಟ್ರೂಡ್ ಬಾಯಿ ಮೆಂತೆ ಗಂಜಿಯಲ್ಲಿ ಸೌಟನ್ನು ಹಾಗೇ ಬಿಟ್ಟು ಅಡುಗೆಮನೆಯಿಂದ ಹೊರಗೆ ಬಂದರು. "ಯಾರು ಬರುವುದಿಲ್ಲವಂತೆ?"

"ಯಾರೂ ಅಲ್ಲ ಮಾಂಯ್. ಮಗುವಿನ ಹೆಸರು ಅದು," ಎಂದ ಅಳಿಯ ಸಿಲ್ವೆಸ್ಟರ್. "ಐಯೋನಾ. ಐ... ಯೋ... ನಾ."

"ನಾನೂ ಅದನ್ನೇ ಹೇಳಿದ್ದು ಪುತಾ. ಯೇನಾ."

ಕೊಂಕಣಿಯಲ್ಲಿ ‘ಯೇ’ ಅಂದರೆ ಬಾ. ‘ಯೇನಾ’ ಅಂದರೆ ಬರುವುದಿಲ್ಲ. ಗರ್ಟ್ರೂಡ್ ಬಾಯಿಯ ಎಡಗಿವಿ ಕೇಳಿಸುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಕಟ್ಟಿಸಿದ ಹಲ್ಲನ್ನು ಅವರು ಇಗರ್ಜಿಯ ಪೂಜೆಗೆ ಹೋಗುವಾಗ ಮಾತ್ರ ಹಾಕುತ್ತಿದ್ದರು. ಒಂದು ಹೆಸರು ಆ ಕಿವಿಯಿಂದ ಒಳಗೆ ಹೋಗಿ ಆ ಬಾಯಿಂದ ಹೊರಗೆ ಬರಬೇಕಾದರೆ ದಾರಿಯಲ್ಲಿ ಸ್ವಲ್ಪ ಸಾಮಾನು ಬಿದ್ದುಹೋಗುವುದು ಸಹಜ.

ಮಂಚದ ಮೇಲೆ ಎಂಟು ದಿನದ ಮಗುವಿನೊಂದಿಗೆ ಮಲಗಿದ್ದ ಮಗಳು ಬ್ರಿಜಿಟ್ ಗೋಡೆಯ ಕಡೆಗೆ ತಿರುಗಿ, ಮಗುವಿನ ತಲೆಯ ಹಳದಿ ಟೊಪ್ಪಿಯನ್ನು ಸರಿಯಾಗಿಯೇ ಇದ್ದರೂ ಮತ್ತೊಮ್ಮೆ ಸರಿಮಾಡಿದಳು.

"ಇಟ್ಸ್ ನಾಟ್ ಯೇನಾ, ಗ್ರ್ಯಾನಿ," ಎಂದಳು ಏಳು ವರ್ಷದ ಐಲಾ. ನೆಲದ ಮೇಲೆ ಕುಳಿತು ಅವಳು ‘ವೆಲ್‌ಕಮ್ ಐಯೋನಾ’ ಎಂದು ಬರೆದ ಹಾಳೆಗೆ ಬಣ್ಣ ತುಂಬುತ್ತಿದ್ದಳು. "ಸ್ಪೆಲ್ಲಿಂಗ್ ಈಸ್ ಡಿಫರೆಂಟ್. ಆ್ಯಂಡ್ ಡಾಡಾ ಪ್ರಾಮಿಸ್ಡ್."

ಐಲಾ ಹೇಳಿದ ಹೆಸರೇ ಇಡುತ್ತೇನೆಂದು ಡಾಡಾ ಪ್ರಾಮಿಸ್ ಮಾಡಿದ್ದು ನಿಜ. ಕುವೈತಿನ ಶುವೈಖ್‌ನಲ್ಲಿ ಅವನು ಕೆಲಸ ಮಾಡುವ ಗೋದಾಮಿನಲ್ಲಿ ವರ್ಷಕ್ಕೊಮ್ಮೆ ಸಾಮಾನು ಎಣಿಸುವ ವಾರ ಅದು. ಐದು ದಿನ ಬ್ರೇಕ್ ಪ್ಯಾಡು, ಫ್ಯಾನ್ ಬೆಲ್ಟು ಎಣಿಸಿ ಎಣಿಸಿ ಸಿಲ್ವೆಸ್ಟರ್ ಎಷ್ಟು ಸೋತಿದ್ದನೆಂದರೆ, ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಹಿಂದಿನ ಬೆಂಚಿಗೆ ಕುಳಿತು ಜನರ ತಲೆಗಳನ್ನು ಎಣಿಸಿ, ಎರಡು ಕಡಿಮೆ ಬಂತೆಂದು ಮತ್ತೆ ಮೊದಲಿನಿಂದ ಎಣಿಸಿದ್ದ. ಅಂಥವನ ಹತ್ತಿರ ಯಾರು ಯಾವ ಪ್ರಾಮಿಸ್ ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಇಷ್ಟಕ್ಕೂ ಈ ಮನೆಗೆ ಸ್ಕಾಟ್ಲೆಂಡಿನ ಹೆಸರುಗಳು ಬಂದದ್ದೇ ಅವನ ಸೋಲಿನಿಂದ. ಏಳು ವರ್ಷದ ಹಿಂದೆ ಗೋದಾಮಿಗೆ ಸ್ಕಾಟ್ಲೆಂಡಿನ ಮ್ಯಾನೇಜರ್ ಒಬ್ಬ ಬಂದಿದ್ದ. ಅವನ ಇಂಗ್ಲಿಷು ಯಾರಿಗೂ ತಿಳಿಯುತ್ತಿರಲಿಲ್ಲ. ಲಂಡನ್ನಿನಿಂದ ಬಂದ ಆಡಿಟರಿಗೇ ತಿಳಿಯದೆ, ಸಿಲ್ವೆಸ್ಟರನನ್ನು ನಡುವೆ ಕೂರಿಸಿಕೊಂಡು ಮಾತಾಡಿಸಿದರು ಎಂದು ಗೋದಾಮಿನಲ್ಲಿ ಇವತ್ತಿಗೂ ಹೇಳುತ್ತಾರೆ. ಸಿಲ್ವೆಸ್ಟರನ ಗುಟ್ಟು ಇಷ್ಟೇ: ಅವನು ಎಲ್ಲದಕ್ಕೂ "ಎಸ್ ಸರ್" ಅನ್ನುತ್ತಿದ್ದ. ಬ್ರಿಜಿಟ್‌ಗೆ ಹೆರಿಗೆಯಾದ ದಿನ ಆ ಮನುಷ್ಯ ಫೋನಿನಲ್ಲಿ ತನ್ನ ತಾಯಿಯ ಫೋಟೋ ತೋರಿಸಿ, ಕಣ್ಣು ಒರೆಸಿಕೊಂಡು, ಏನೋ ಉದ್ದಕ್ಕೆ ಕೇಳಿದ. "ಎಸ್ ಸರ್." ಮರುದಿನ ಆಸ್ಪತ್ರೆಗೆ ಒಂದು ಕೇಕು ಬಂತು, ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲಿನಲ್ಲಿ ನಾಲ್ಕು ಜನ ಹೊತ್ತು ತರಬೇಕಾಯಿತು. ಮೇಲೆ ಗುಲಾಬಿ ಕ್ರೀಮಿನಲ್ಲಿ ಆ ತಾಯಿಯ ಹೆಸರು ಬರೆದಿತ್ತು: ವೆಲ್‌ಕಮ್ ಐಲಾ.

ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಎಸ್ ಉಂಟು, ಹೇಳುವಾಗ ಇಲ್ಲ. ಆದ್ದರಿಂದ ಶಾಲೆಯಲ್ಲಿ ಅವಳು ಇಸ್ಲಾ. ಜನನ ನೋಂದಾಯಿಸುವ ಕಚೇರಿಯಲ್ಲಿ ಇನ್ನೂ ಕಷ್ಟವಾಗಿತ್ತು. ಅರಬಿಯಲ್ಲಿ ‘ಆಇಲಾ’ ಅಂದರೆ ಸಂಸಾರ. "ಹೆಸರೇನು?" "ಐಲಾ." "ಸಂಸಾರ ಉಂಟು, ಗೊತ್ತಾಯಿತು. ಮಗುವಿನ ಹೆಸರೇನು?" "ಐಲಾ." ಹೀಗೆ ಊಟದ ಹೊತ್ತಿನ ತನಕ ನಡೆಯಿತು. ಇನ್ನು ಊರಿಗೆ, ಕಿನ್ನಿಗೋಳಿಗೆ, ಫೋನ್ ಮಾಡಿದಾಗ ಗರ್ಟ್ರೂಡ್ ಬಾಯಿಗೆ ಕೇಳಿಸಿದ್ದು ‘ಆಯ್ಲಾ’. ಕೊಂಕಣಿಯಲ್ಲಿ ಹಾಗೆಂದರೆ ‘ಬಂದಿದ್ದಾನೆ’. ಗಂಡು ಮಗು ಬಂದಿದೆಯೆಂದು ಅವರು ಇಗರ್ಜಿಯ ಇಡೀ ವಾರ್ಡಿಗೆ ಲಡ್ಡು ಹಂಚಿದರು. ಆಮೇಲೆ ಒಂದು ಲಡ್ಡನ್ನೂ ವಾಪಸು ಕೇಳಲಿಲ್ಲ. "ಗಂಡೋ ಹೆಣ್ಣೋ, ಬಂತಲ್ಲ," ಎಂದರು. ಮ್ಯಾನೇಜರ್ ಮರುವರ್ಷವೇ ತನ್ನ ದೇಶಕ್ಕೆ ಹೋದ. ಹೆಸರು ಉಳಿಯಿತು.

ಈಗ ತಂಗಿ. ಅಕ್ಕನ ಹೆಸರಿಗೆ ತಂಗಿಯದು ಹೊಂದಬೇಕು ಎನ್ನುವುದು ಇವರಲ್ಲಿ ಕಾನೂನಿನ ಹಾಗೆ. ಜೋಸ್ವಿನ್ ಇದ್ದ ಮನೆಯಲ್ಲಿ ಮುಂದಿನದು ಜೋಯ್ಲಿನ್ ಆಗದೆ ದಾರಿಯಿಲ್ಲ. ಐಲಾ ಅಪ್ಪನ ಫೋನಿನಲ್ಲಿ ಹುಡುಕಿ, ತನ್ನ ಹೆಸರಿಗೆ ಹೊಂದುವ ಸ್ಕಾಟ್ಲೆಂಡಿನ ಹೆಸರುಗಳ ಪಟ್ಟಿಯನ್ನೇ ತಂದಿದ್ದಳು. ಐಲ್ಸಾ ಎಂದಾಗ ಗರ್ಟ್ರೂಡ್ ಬಾಯಿ, "ದೋಣಿ ಎಳೆಯುವವರು ಹೇಳುತ್ತಾರಲ್ಲ, ಐಲೇಸಾ, ಅದಾ?" ಎಂದು ಕೇಳಿದರು. ಮೊರಾಗ್ ಎಂದಾಗ ಶಿಲುಬೆಯ ಗುರುತು ಹಾಕಿಕೊಂಡರು. ಕೊಂಕಣಿಯಲ್ಲಿ ‘ಮೊರ್’ ಅಂದರೆ ಸಾಯಿ. ಫಿಯೋನಾ ಆಗಬಹುದಿತ್ತು, ಆದರೆ ಅವರಿದ್ದ ಅಬ್ಬಾಸಿಯಾದ ಆ ಕಟ್ಟಡದಲ್ಲೇ ಫಿಯೋನಾಗಳು ನಾಲ್ವರಿದ್ದರು. ಕಿಟಕಿಯಿಂದ ಒಬ್ಬಳನ್ನು ಕರೆದರೆ ನಾಲ್ಕು ಬಾಲ್ಕನಿಯಲ್ಲಿ ತಲೆ ಕಾಣುತ್ತಿತ್ತು. ಉಳಿದದ್ದು ಐಯೋನಾ. ಐಲಾದ ಹಾಗೆ ಅದೂ ಸ್ಕಾಟ್ಲೆಂಡಿನ ಒಂದು ದ್ವೀಪದಿಂದ ಬಂದ ಹೆಸರು. "ಶಿ ವಿಲ್ ಬಿ ಆ್ಯನ್ ಐಲ್ಯಾಂಡ್, ಲೈಕ್ ಮಿ," ಎಂದಿದ್ದಳು ಐಲಾ.

"ಬೇಡವೇ ಬೇಡ," ಎಂದರು ಗರ್ಟ್ರೂಡ್ ಬಾಯಿ, ಅಡುಗೆಮನೆಗೆ ವಾಪಸು ಹೋಗುತ್ತಾ. "ಮೊದಲಿನದು ಬಂದಿದೆ, ಎರಡನೆಯದು ಬರುವುದಿಲ್ಲ. ಹೀಗೆ ಯಾರಾದರೂ ಮಕ್ಕಳನ್ನು ಕರೆಯುತ್ತಾರಾ? ನಾನಿರುವುದು ಇನ್ನು ಮೂರು ವಾರ. ವೀಸಾ ಮುಗಿದರೆ ಹೋಗುತ್ತೇನೆ. ಆಮೇಲೆ ನಿಮಗೆ ಬೇಕಾದ್ದು ಮಾಡಿಕೊಳ್ಳಿ."

ಸಿಲ್ವೆಸ್ಟರ್ ಬ್ರಿಜಿಟ್‌ಳ ಬೆನ್ನನ್ನು ನೋಡಿದ. ಆ ಬೆನ್ನು ಅವನಿಗೆ ಪರಿಚಯದ್ದು.

ಬರುವುದಿಲ್ಲ ಎನ್ನುವ ಆ ಪದ ಈ ಮನೆಯೊಳಗೆ ಬಂದದ್ದು ಅದೇ ಮೊದಲಲ್ಲ. ಐಲಾ ಮತ್ತು ಈ ಮಗುವಿನ ನಡುವೆ ಇನ್ನೆರಡು ಇದ್ದವು. ಒಂದು ಮೂರು ತಿಂಗಳಿಗೆ ಹೊಟ್ಟೆಯಲ್ಲೇ ಹೋದದ್ದು, ಇನ್ನೊಂದು ಐದಕ್ಕೆ. ಮೊದಲನೆಯ ಸಲ ಆಸ್ಪತ್ರೆಯಿಂದ ಬಂದಾಗ ಐಲಾ ಬಾಗಿಲಲ್ಲೇ ನಿಂತು, "ಬೇಬಿ ಯಾವಾಗ ಬರುತ್ತದೆ?" ಎಂದು ಕೇಳಿದ್ದಳು. ಏನು ಹೇಳುವುದೆಂದು ತಿಳಿಯದೆ ಸಿಲ್ವೆಸ್ಟರ್ ಒಂದೇ ಪದ ಹೇಳಿದ್ದ. ಯೇನಾ. "ಓಕೆ," ಎಂದು ಐಲಾ ಆಡಲು ಹೋಗಿದ್ದಳು. ಎರಡನೆಯ ಸಲವೂ ಅದೇ ಬಾಗಿಲು, ಅದೇ ಪ್ರಶ್ನೆ, ಅದೇ ಪದ. ಬ್ರಿಜಿಟ್ ಎರಡು ಸಲವೂ ಅವನ ಹಿಂದೆ, ಚಪ್ಪಲಿ ಕಳಚಲು ಗೋಡೆ ಹಿಡಿದು ನಿಂತಿದ್ದಳು. ಹಳದಿ ಟೊಪ್ಪಿ ಆ ಮೊದಲನೆಯದಕ್ಕೆಂದು ಅವಳು ಹೆಣೆದದ್ದು. ಎರಡು ಸಲ ಕಪಾಟಿಗೆ ಹೋಗಿ ಬಂದಿತ್ತು.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಬ್ರಿಜಿಟ್ ಗಂಜಿ ಕುಡಿದಳು, ಹಾಲು ಕೊಟ್ಟಳು, ಕೇಳಿದ್ದಕ್ಕೆ ಹೂಂ ಎಂದಳು. ಹೆಸರಿನ ಮಾತು ಎತ್ತಲಿಲ್ಲ. ಐಲಾ ತನ್ನ ಹಾಳೆಯನ್ನು ತೊಟ್ಟಿಲಿಗೆ ಅಂಟಿಸಿದಳು. ಗರ್ಟ್ರೂಡ್ ಬಾಯಿ ಅದನ್ನು ಕಿತ್ತು ಫ್ರಿಜ್ಜಿಗೆ ಅಂಟಿಸಿದರು. ಸಂಜೆ ಅದು ಮತ್ತೆ ತೊಟ್ಟಿಲಿನಲ್ಲಿತ್ತು. ಸೋಫಾದ ಮೇಲೆ ಬಿದ್ದುಕೊಂಡಿದ್ದ ಸಿಲ್ವೆಸ್ಟರ್ ಒಂದು ಕಣ್ಣಿನಿಂದ ನೋಡುತ್ತಲೇ ಇದ್ದ. ಎರಡು ಕಣ್ಣು ತೆರೆಯುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಅಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಅವನು ಜನನ ನೋಂದಾಯಿಸುವ ಕಚೇರಿಗೆ ಹೋದ. ಹೆಸರಿಲ್ಲದೆ ಕಾಗದವಿಲ್ಲ, ಕಾಗದವಿಲ್ಲದೆ ಪಾಸ್‌ಪೋರ್ಟಿಲ್ಲ, ಇಲ್ಲಿ ಇರಲು ಬೇಕಾದ ಇಕಾಮಾ ಇಲ್ಲ. ಹೆಸರನ್ನು ನಿರ್ಧರಿಸದೆಯೇ ಅವನು ಟೋಕನ್ ತೆಗೆದುಕೊಂಡಿದ್ದ. ಸರದಿ ಬರುವುದರೊಳಗೆ ಯಾವುದಾದರೂ ಒಂದು ಹೊಳೆಯುತ್ತದೆ ಎಂದುಕೊಂಡು ಕುರ್ಚಿಯಲ್ಲಿ ಕುಳಿತವನಿಗೆ ಒಳ್ಳೆಯ ನಿದ್ದೆ ಬಂತು. ಪಕ್ಕದವನು ತಿವಿದು ಎಬ್ಬಿಸಿದ.

"ಸದೀಕ್, ಬೇಬಿ ನೇಮ್?" ಕೌಂಟರಿನವನು ಪೆನ್ನು ಹಿಡಿದು ಕೇಳಿದ. ಅಲ್ಲಿ ಗುರುತಿಲ್ಲದವರೆಲ್ಲ ಸದೀಕ್, ಅಂದರೆ ಗೆಳೆಯ.

"ಒಂದು ನಿಮಿಷ ಸರ್. ಮನೆಗೆ ಫೋನ್."

"ಹೋದ ವಾರವೂ ಒಬ್ಬ ಒಂದು ನಿಮಿಷ ಅಂದ," ಎಂದ ಅವನು ಹಿಂದಿಯಲ್ಲಿ, ಮುಖದಲ್ಲಿ ನಗುವಿಲ್ಲದೆ. "ಅವನ ಬೇಬಿ ಈಗ ನಡೆಯುತ್ತಿರಬೇಕು. ಯಲ್ಲಾ, ಜಲ್ದಿ."

ಬ್ರಿಜಿಟ್ ಫೋನ್ ಎತ್ತಿದಳು.

"ಕೌಂಟರಿನಲ್ಲಿದ್ದೇನೆ," ಎಂದ ಸಿಲ್ವೆಸ್ಟರ್. "ಎಂಥ ಬರೆಸುವುದು? ಮಾಂಯ್ ಹೇಳಿದ ಹಾಗೆ ಬೇರೆ ಯಾವುದಾದರೂ... ಐಲಾಳಿಗೆ ನಾನು ಹೇಗಾದರೂ ಸಮಾಧಾನ ಮಾಡುತ್ತೇನೆ."

"ಐಲಾ ಹೇಳಿದ್ದನ್ನೇ ಬರೆಸು."

"ನಿನಗೆ ಬೇಜಾರಿಲ್ಲವಾ?"

ಆ ಕಡೆ ನಲ್ಲಿ ನಿಲ್ಲಿಸಿದ ಶಬ್ದ ಕೇಳಿಸಿತು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

"ಬಾರದಿದ್ದವಕ್ಕೂ ಒಂದು ಹೆಸರು ಬೇಕಲ್ಲ ಸಿಲ್ವಾ," ಎಂದಳು ಬ್ರಿಜಿಟ್. "ನಾವು ಇಡಲೇ ಇಲ್ಲ."

ಸಿಲ್ವೆಸ್ಟರ್ ಫೋನನ್ನು ಜೇಬಿಗೆ ಹಾಕಿದ. ತೆಗೆದು, ಕರೆ ಮುಗಿದಿದೆಯೇ ಎಂದು ನೋಡಿ, ಮತ್ತೆ ಹಾಕಿದ.

"ಐಯೋನಾ," ಎಂದ ಕೌಂಟರಿನವನಿಗೆ. "ಐ... ಯೋ... ನಾ."

"ಐಯೋನಾ," ಎಂದು ಅವನು ಒಂದೇ ಸಲಕ್ಕೆ ಸರಿಯಾಗಿ ಹೇಳಿ, ಬಲದಿಂದ ಎಡಕ್ಕೆ ಬರೆದ. ಏಳು ವರ್ಷದ ಹಿಂದೆ ಊಟದ ಹೊತ್ತಿನ ತನಕ ಎಳೆದ ಕೆಲಸ ಈ ಸಲ ಅರ್ಧ ನಿಮಿಷದಲ್ಲಿ ಮುಗಿಯಿತು. "ಖಲಾಸ್. ನೆಕ್ಸ್ಟ್!"

ಅಬ್ಬಾಸಿಯಾ ತಲುಪುವಾಗ ಮಧ್ಯಾಹ್ನ. ಲಿಫ್ಟು ಕೆಟ್ಟು ಎರಡು ತಿಂಗಳಾಗಿತ್ತು. ಮೂರನೆಯ ಮಾಳಿಗೆಗೆ ಹತ್ತುವಾಗ ಸಿಲ್ವೆಸ್ಟರ್ ಅತ್ತೆಗೆ ಹೇಳಬೇಕಾದ ಮಾತನ್ನು ಮೆಟ್ಟಿಲಿಗೊಂದರಂತೆ ಜೋಡಿಸಿಕೊಂಡ. ಬಾಗಿಲು ತೆರೆಯುವಷ್ಟರಲ್ಲಿ ಉಸಿರೊಂದೇ ಉಳಿದಿತ್ತು.

ಗರ್ಟ್ರೂಡ್ ಬಾಯಿ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದರು. ಈ ಊರಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬರುವುದು ಬಿಸಿನೀರು. ಬೆಳಿಗ್ಗೆಯೇ ಬಕೆಟಿಗೆ ಹಿಡಿದಿಟ್ಟು ಆರಿಸಬೇಕು. ಗರ್ಟ್ರೂಡ್ ಬಾಯಿಗೆ ಇಡೀ ಕುವೈತಿನಲ್ಲಿ ಮೆಚ್ಚುಗೆಯಾದದ್ದು ಅದೊಂದೇ.

"ಎಂಥ ಬರೆಸಿದೆ ಪುತಾ?" ತಲೆ ಎತ್ತದೆ ಕೇಳಿದರು.

"ಐಯೋನಾ, ಮಾಂಯ್."

ಅವರ ಕೈ ನಿಂತಿತು. ಸಿಲ್ವೆಸ್ಟರ್ ಬಾಗಿಲ ಚೌಕಟ್ಟಿಗೆ ಒರಗಿದ. ಅವನ ಪಕ್ಕದಿಂದ ತೂರಿಬಂದ ಐಲಾ ಅಜ್ಜಿಯ ಬಾಯಿಯನ್ನೇ ನೋಡುತ್ತಾ ನಿಂತಳು. ಗರ್ಟ್ರೂಡ್ ಬಾಯಿ ಮಗ್ಗಿನಲ್ಲಿ ನೀರು ತುಂಬಿ, ಮೊದಲು ತಮ್ಮ ಮೊಣಕೈಗೆ ಸುರಿದು ನೋಡಿದರು. ಆಮೇಲೆ ಮಗುವಿನ ಹೊಟ್ಟೆಯ ಮೇಲೆ ಸುರಿದರು.

"ಯೇ..." ಎಂದರು. ಅಲ್ಲಿಗೆ ನಿಲ್ಲಿಸಿದರು. ಇನ್ನೊಂದು ಮಗ್ಗು ಸುರಿದರು. "ಯೇ, ಬಾಯೆ. ಯೇ, ಯೇ." ಬಾ ಮಗಳೇ ಎಂದು ಕರೆದ ಹಾಗೆ.

"ಗ್ರ್ಯಾನಿ, ನಾಟ್ ಫಿನಿಶ್ಡ್. ‘ನಾ’ ಬಾಕಿ ಉಂಟು," ಎಂದಳು ಐಲಾ. ಅವಳ ಬಾಯಲ್ಲಿ ಊರಿನ ಮಾತು ಅಪರೂಪ.

"ಅದನ್ನು ನೀನು ಹೇಳು. ನನಗೆ ಹಲ್ಲಿಲ್ಲ."

ಐಲಾ ಸ್ವಲ್ಪ ಯೋಚಿಸಿ, ಆಗಬಹುದು ಎನ್ನುವಂತೆ ತಲೆಯಾಡಿಸಿದಳು. ಅಜ್ಜಿ "ಯೇ" ಎಂದು ನೀರು ಸುರಿದರು. ಅಳಲು ಬಾಯಿ ತೆರೆದಿದ್ದ ಮಗು ಮನಸ್ಸು ಬದಲಾಯಿಸಿ ಕಾಲಿನ ಬೆರಳುಗಳನ್ನು ಮಡಚಿತು. ಸಿಲ್ವೆಸ್ಟರನ ಹಿಂದೆ ಬ್ರಿಜಿಟ್ ಬಂದು ನಿಂತಿದ್ದಳು, ಎರಡು ಕೈಯಲ್ಲೂ ಟವೆಲನ್ನು ಅಗಲಿಸಿ ಹಿಡಿದುಕೊಂಡು. ಅದರ ಒಂದು ತುದಿ ಜಾರುತ್ತಿತ್ತು. ಐಲಾ ಅದನ್ನು ಹಿಡಿದುಕೊಂಡಳು.