ಎದುರು ಮಂಚದ ಕೊಳಲು

ಮತ್ತೆ ಊದಿದಳು, ಮೂಲೆಯ ಟ್ರಾಫಿಕ್ ಪೊಲೀಸಮ್ಮ, ಬಿಳಿ ಕೈಗವಸು ಮೇಲೆತ್ತಿ, ಎರಡೂ ಕೆನ್ನೆ ಉಬ್ಬಿಸಿ, ಸೀಟಿ ಬಾಯಲ್ಲೇ ಇದೆ, ಊದುತ್ತಿದ್ದಾಳೆ, ಸದ್ದೇ ಇಲ್ಲ, ಸಂಬಳಕ್ಕೆ ಊದುವವರು ಹೀಗೇ, ಕೆನ್ನೆ ಉಬ್ಬಿಸುತ್ತಾರೆ, ಉಸಿರು ಖರ್ಚು ಮಾಡುವುದಿಲ್ಲ, ಆದರೂ ವ್ಯಾನು ಗಕ್ಕನೆ ನಿಂತಿತು, ಅವಳ ಮುಖ ನೋಡಿ ಹೆದರಿತೋ ಏನೋ, ಕಿಟಕಿಯ ಗಾಜು ದಪ್ಪ ಇರಬೇಕು, ಗಾಜು ಅಷ್ಟು ದಪ್ಪವಾದರೆ ಈ ಚಳಿ ಎಲ್ಲಿಂದ ನುಗ್ಗುತ್ತಿದೆ, ಮೂರು ಕಂಬಳಿ ಕೊಟ್ಟಿದ್ದಾರೆ, ಮೂರೂ ಮೈಮೇಲೆ ಮೂಟೆ ಹೇರಿದ ಹಾಗೆ, ಭಾರ ಇದೆ, ಬಿಸಿ ಇಲ್ಲ — ಪೂನೊ ಪೇಟೆಯ ನಟ್ಟನಡುವೆ, ಚೌಕಕ್ಕೆ ಎರಡೇ ಹೆಜ್ಜೆ, ಎಂದು ಹೇಳಿ ಹೇಳಿ ಫ್ರೋಯ್ಲಾನ್ ಇಡೀ ಕೊಳಲು ತಂಡವನ್ನು ಈ ಹೋಟೆಲಿಗೆ ತಂದು ತುಂಬಿದ, ಚೌಕ ಹತ್ತಿರ ಇದ್ದರೆ ನನಗೇನು ಬಂತು, ನಾನು ಹದಿನಾಲ್ಕನೇ ನಂಬರಿನ ರೂಮಿನೊಳಗೆ ಕೂತಿದ್ದೇನೆ, ಎರಡು ಮಂಚ, ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಜೋಡಿ ಇಲಾರಿಯೊನನ ಕೊಳಲು, ಕಂಬಳಿಯಲ್ಲಿ ಒಂದು ಸುಕ್ಕಿಲ್ಲ, ಮಲಗಿ ಎದ್ದನೋ ಬೆಳಗಿನ ತನಕ ಕೂತೇ ಇದ್ದನೋ, ನಾನು ಕಣ್ಣು ಬಿಡುವಷ್ಟರಲ್ಲಿ ಹೋಗಿದ್ದ, ಕೊಳಲು ಬಿಟ್ಟು ಹೋಗಿದ್ದ, ಹತ್ತೂಕಾಲು ಆಯಿತು, ಇನ್ನೂ ಬಂದಿಲ್ಲ.

ಹನ್ನೆರಡು ಅಂದಿದ್ದಾನೆ ಫ್ರೋಯ್ಲಾನ್, ತಂಡದ ಯಜಮಾನ, ನಿನ್ನೆ ಸಂಜೆ ನಲವತ್ತು ಜನರ ಮುಂದೆ ಬೆರಳಾಡಿಸಿ ಅಂದಿದ್ದಾನೆ, ಅನ್ಸೆಲ್ಮೊ, ನೀನೂ ನಿನ್ ಕೊಂಪಾದ್ರೇನೂ ನಾಳೆ ಹನ್ನೆರಡರೊಳಗೆ ರಾಜಿ ಆಗಿ ಕೆಳಗೆ ಬನ್ನಿ, ಇಲ್ಲಾಂದ್ರೆ ಇಬ್ರೂ ಹೋಟೆಲಲ್ಲೇ ನೊಣ ಹೊಡೀತಾ ಕೂತಿರಿ, ಜೋಡಿ ಇಲ್ದೋನು ಸ್ಟೇಡಿಯಮ್ ಬಾಗಿಲು ದಾಟೋ ಹಾಗಿಲ್ಲ, ಇದು ನಾನು ಮಾಡಿದ ಕಾನೂನಲ್ಲ, ನಿಮ್ಮಜ್ಜಂದು. ಯಾರಿಗೆ ಹೇಳುತ್ತಾನೆ, ಅವನು ಚಡ್ಡಿ ಹಾಕಿಕೊಳ್ಳಲು ಕಲಿಯುವ ಮೊದಲೇ ನಾನು ಊದುತ್ತಿದ್ದೆ, ಬಿದಿರ ಕೊಳವೆ ಸಾಲಾಗಿ ಕಟ್ಟಿದ ಜೋಡಿ ಕೊಳಲು ನಮ್ಮದು, ಆರು ಕೊಳವೆಯ ಇರಾ ನನ್ನದು, ಏಳು ಕೊಳವೆಯ ಅರ್ಕಾ ಇಲಾರಿಯೊನನದು, ಒಂದು ಸ್ವರ ನನ್ನ ಹತ್ತಿರ, ಮುಂದಿನದು ಅವನ ಹತ್ತಿರ, ನಾನು ಊದಿ ಬಿಡಬೇಕು ಅವನು ಎತ್ತಿಕೊಳ್ಳಬೇಕು, ಅವನು ಬಿಡಬೇಕು ನಾನು ಎತ್ತಿಕೊಳ್ಳಬೇಕು, ಇಡೀ ರಾಗ ಯಾರೊಬ್ಬರ ಬಾಯಲ್ಲೂ ಇಲ್ಲ, ನನ್ನ ಮಗಳ ಮೊದಲ ಕೂದಲು ಕತ್ತರಿಸಿದವನೂ ಅವನೇ, ಅಂದಿನಿಂದ ಒಬ್ಬರಿಗೊಬ್ಬರು ಕೊಂಪಾದ್ರೆ, ಬೀಗರಿಗಿಂತ ಹತ್ತಿರದ ನೆಂಟರು, ಇಪ್ಪತ್ತೊಂಬತ್ತು ವರ್ಷ, ಪ್ರತಿ ಫೆಬ್ರವರಿಯ ಹಬ್ಬಕ್ಕೂ ಹೀಗೆ ಕಾಂದೆಲಾರಿಯಾ ತಾಯಿಯ ಮುಂದೆ ಊದಿದ್ದೇವೆ, ಇದು ಮೂವತ್ತನೆಯದು, ಮಧ್ಯಾಹ್ನ ಎರಡಕ್ಕೆ ಸ್ಟೇಡಿಯಮ್ಮಿನಲ್ಲಿ ನಮ್ಮ ಸರದಿ, ಈ ಮೂವತ್ತನೆಯದಕ್ಕೇ ಅನಿಷ್ಟ ವಕ್ಕರಿಸಬೇಕಿತ್ತೆ.

ಬಿಸಿನೀರೂ ಇಲ್ಲ, ಏಳರ ತನಕ ಮಾತ್ರವಂತೆ, ಐದೂವರೆಗೆ ಅಲಾರಂ ಇಟ್ಟು ಮಲಗಿದ್ದೆ, ಫೋನು ಕೈಕೊಟ್ಟಿತು, ಎದ್ದಾಗ ಎಂಟು, ನಲ್ಲಿ ತಿರುಗಿಸಿದರೆ ಊರಂಚಿನ ಸರೋವರದ ನೀರು ಸರೋವರದಷ್ಟೇ ತಣ್ಣಗೆ ಬಂದು ಬೆರಳು ಮರಗಟ್ಟಿಸಿತು, ಹಬ್ಬದ ದಿನ ಮುಖಕ್ಕೆ ಬಿಸಿನೀರಿಲ್ಲದೆ ತಾಯಿಯ ಮುಂದೆ ಹೋಗಬೇಕೆ, ಕೆಳಗಿಳಿದು ಕೌಂಟರಿನ ದೋನ್ಯಾ ನಿಲ್ಡಾಳ ಮೇಲೆ ರೇಗಿದೆ, ಫೋನು ಕೆಟ್ಟಿದೆ, ಅದು ನನ್ನ ಕರ್ಮ, ನೀವಾದ್ರೂ ಒಂದು ಬಕೆಟ್ ಕಾಯಿಸಿ ಕೊಡಬಾರ್ದಾ, ಅವಳು ಸ್ವೆಟರ್ ಹೆಣೆಯುವ ಕಡ್ಡಿ ನಿಲ್ಲಿಸಲೂ ಇಲ್ಲ, ಫೋನ್ ಕೆಟ್ಟಿದ್ಯಾ? ಅಯ್ಯೋ ದೋನ್ ಅನ್ಸೆಲ್ಮೊ, ಅದು ಅರ್ಧ ಗಂಟೆ ಕೀ ಕೀ ಅಂತ ಬಡ್ಕೊಳ್ತು, ಹದಿನೈದನೇ ನಂಬರಿನ ಟೀಚರಮ್ಮ ನೈಟಿಯಲ್ಲೇ ಇಳಿದು ಬಂದು ನನ್ ಜನ್ಮ ಜಾಲಾಡಿದ್ರು, ಕೊನೆಗೆ ನಿಮ್ ಜೊತೆಯೋರೇ ಸ್ನಾನದಿಂದ ಬಂದು ಅದನ್ನ ಆಫ್ ಮಾಡಿದ್ದು. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೆ, ಒಂದು ಬಕೆಟ್ ನೀರು ಉಳಿಸಲು ಟೀಚರಮ್ಮನಿಗೆ ನೈಟಿ ತೊಡಿಸಿ ಮೆಟ್ಟಿಲು ಇಳಿಸಿಬಿಟ್ಟಳು, ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು, ಹೋಗಿ, ಈಗ್ಲೇ ಕಳಿಸ್ತೀನಿ ನೀರು, ಅಂದಳು, ಈ ಊರಿನವರ ಈಗಲೇ ನನಗೆ ಗೊತ್ತು, ಎರಡು ಗಂಟೆಯಾಯಿತು, ನೀರೂ ಇಲ್ಲ ಇಲಾರಿಯೊನನೂ ಇಲ್ಲ.

ಕಾಲು, ಎಲ್ಲ ಹಾಳಾದದ್ದು ಅವನ ಕಾಲಿನಿಂದ. ಟೈರಿನ ಚಪ್ಪಲಿ, ಅದರ ತುದಿಯಲ್ಲಿ ಹೆಬ್ಬೆರಳು, ಹೆಬ್ಬೆರಳಿಗೆ ಕಪ್ಪು ಉಗುರು, ನನ್ನ ಹಿಟ್ಟಿನ ಮಿಲ್ಲಿನ ಕಲ್ಲು ಎತ್ತಲು ಬಂದು ಅದರ ಕೆಳಗೇ ಕಾಲಿಟ್ಟ ಪುಣ್ಯಾತ್ಮ, ಉಗುರು ಮತ್ತೆ ಬೆಳ್ಳಗಾಗಲೇ ಇಲ್ಲ, ಎರಡು ವರ್ಷದಿಂದ ಆ ಕಾಲನ್ನು ಧಪ್ ಧಪ್ ಎಂದು ನೆಲಕ್ಕೆ ಬಡಿಯುವ ಚಟ ಹತ್ತಿದೆ ಅವನಿಗೆ, ಪ್ರತಿ ಸ್ವರಕ್ಕೂ ಒಂದು ಧಪ್, ಜೊತೆಗೆ ನನ್ನತ್ತ ತಲೆಯಾಡಿಸುವುದು, ಹೂಂ ಈಗ, ಹೂಂ ಈಗ, ಎನ್ನುವ ಹಾಗೆ, ಮೊದಲು ಹೀಗಿರಲಿಲ್ಲ, ಮರದ ಹಾಗೆ ನಿಂತು ಊದುತ್ತಿದ್ದ. ನಿನ್ನೆ ಬೆಳಗ್ಗೆ ಈ ಹೋಟೆಲಿನ ಅಂಗಳದಲ್ಲಿ ಮೊದಲ ಸುತ್ತು ಮುಗಿಯುತ್ತಲೇ ಇನ್ನು ತಡೆಯಲಾಗಲಿಲ್ಲ, ಹೇಳಿಯೇ ಬಿಟ್ಟೆ, ಯಾಕಯ್ಯ ಕತ್ತೆ ಥರ ಕಾಲು ಬಡೀತೀಯ, ನಾನೇನು ನಿನ್ನೆ ಮೊನ್ನೆ ಕಲಿತೋನಾ. ಅವನು ನನ್ನ ಮುಖ ನೋಡಿದ, ಬೇಡ್ವಾ? ಬೇಡ. ನಿಜವಾಗ್ಲೂ ಬೇಡ್ವಾ ಕೊಂಪಾದ್ರೆ? ಬೇಡ ಅಂದ್ನಲ್ಲ, ಕಿವುಡಾ ನೀನು? ಆಯ್ತು, ಅಂದ, ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡ, ಅಷ್ಟೆ. ಸಂಜೆಯ ಸುತ್ತಿನಲ್ಲಿ ಕಾಲೂ ತಲೆಯೂ ಅಲ್ಲಾಡಲಿಲ್ಲ, ಒಳ್ಳೆಯದಾಯಿತು ಎಂದುಕೊಂಡೆ, ರಾಗ ಮೇಲೇರಿತು, ನಮ್ಮದು ತಂಡದಲ್ಲೇ ಎಲ್ಲಕ್ಕಿಂತ ಚಿಕ್ಕ ಅಳತೆಯ ಕೊಳಲು, ಎಲ್ಲಕ್ಕಿಂತ ಏರು ದನಿ, ಏರಿತು, ಏರಿತು, ಅಲ್ಲಿ ಅವನ ಕೆನ್ನೆ ಉಬ್ಬಿತು, ಸದ್ದಿಲ್ಲ, ಕಾದೆ, ಕೆನ್ನೆ ಮತ್ತೆ ಉಬ್ಬಿತು, ಸದ್ದಿಲ್ಲ, ಇನ್ನು ಕಾದರೆ ಕೆಟ್ಟೆ ಎಂದು ನಾನು ನುಗ್ಗಿದೆ, ಎಲ್ಲಿ ನುಗ್ಗಿದೆನೋ, ನಲವತ್ತು ಕೊಳಲು ಒಟ್ಟಿಗೆ ಮುಗ್ಗರಿಸಿ ನಿಂತವು. ಎಲ್ಲರೆದುರೇ ಅವನ ಮೇಲೆ ಕೂಗಾಡಿದೆ, ಉಸಿರೆಲ್ಲಿ ಕೊಂಪಾದ್ರೆ, ಹೆಂಡ್ತಿ ಹತ್ರ ಬಿಟ್ಟು ಬಂದ್ಯಾ? ವಯಸ್ಸಾಯ್ತು, ಒಪ್ಕೋ, ಬರೀ ಕೆನ್ನೆ ಉಬ್ಬಿಸಿ ತಾಯಿಗೆ ಮೋಸ ಮಾಡ್ಬೇಡ. ಯಾರಾದರೂ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ, ಎಲ್ಲರೂ ನೋಡಿದರು, ಅವನನ್ನಲ್ಲ, ನನ್ನನ್ನು. ಅವನು ಕೊಳಲಿನ ಬಾಯಿ ತೋಳಿನಿಂದ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದ.

ಮಾತಿಲ್ಲದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಬಯ್ಯಬಹುದಿತ್ತು, ಹೊಡೆಯಬಹುದಿತ್ತು, ನಾನೂ ಎರಡು ಕೊಟ್ಟು ಮುಗಿಸುತ್ತಿದ್ದೆ. ಹತ್ತೂ ಐವತ್ತು. ಕಿಟಕಿ ತೆಗೆದು ನೋಡೋಣ ಬರುತ್ತಾನೋ ಎಂದು, ಚಿಲಕ ತುಕ್ಕು ಹಿಡಿದಿದೆ, ಹಾಳು ಹೋಟೆಲು, ಬಾ, ಬಾ, ಹಾಂ ಬಂತು, ಅಬ್ಬ, ಬೀದಿ ಪೂರ್ತಿ ಒಳಗೆ ನುಗ್ಗಿತು, ಯಾವುದೋ ತಂಡದ ದೊಡ್ಡ ಡೋಲು ಎದೆಗೇ ಬಡಿಯುತ್ತಿದೆ, ಹಿತ್ತಾಳೆಯ ದಪ್ಪ ಕಹಳೆಗಳು, ಬಸ್ಸಿನ ಗೊರಗೊರ, ಎಲ್ಲ ಕೇಳುತ್ತಿದೆ, ಪೊಲೀಸಮ್ಮ ಅಲ್ಲೇ ಇದ್ದಾಳೆ, ನನ್ನ ಮೂಗಿನ ಕೆಳಗೇ, ಉಗುಳಿದರೆ ಅವಳ ಟೋಪಿಯ ಮೇಲೆ ಬೀಳುವಷ್ಟು ಹತ್ತಿರ, ಕೈ ಎತ್ತಿದಳು, ಕೆನ್ನೆ ಉಬ್ಬಿತು, ಸದ್ದಿಲ್ಲ. ಗಾಜಿಲ್ಲ ಈಗ. ಮತ್ತೆ ಉಬ್ಬಿತು. ಪಕ್ಕದಲ್ಲಿ ಕೂಸು ಬೆನ್ನಿಗೆ ಕಟ್ಟಿಕೊಂಡ ಹೆಂಗಸು ಮುಖ ಕಿವಿಚಿ ಕಿವಿ ಮುಚ್ಚಿಕೊಂಡಳು, ನಾಯಿ ಎದ್ದು ಓಡಿತು, ವ್ಯಾನು ನಿಂತಿತು, ಎಲ್ಲರಿಗೂ ಕೇಳಿದೆ, ನಾಯಿಗೂ ಕೇಳಿದೆ — ಇಲ್ಲ, ಇನ್ನೊಂದು ಸಲ ಊದು ತಾಯಿ, ಇನ್ನೊಂದೇ ಸಲ, ಊದಿದಳು, ಇಲ್ಲ.

ನಂದಲ್ಲ ತಪ್ಪು, ಗಾಳಿ ಆ ಕಡೆಗಿರಬೇಕು, ನನ್ನ ಕೊಳಲು ಎಲ್ಲಿ, ಇಲ್ಲೇ, ಉದ್ದದ ಕೊಳವೆ, ಊದಿದೆ, ಕೇಳಿತು, ಎರಡನೆಯದು, ಕೇಳಿತು, ಮೂರು, ತೆಳ್ಳಗೆ ಬಂತು, ನಾಲ್ಕು, ಐದು, ಬರೀ ತುಟಿಯ ಮೇಲೆ ಗಾಳಿ, ಆರು, ಗಾಳಿಯೂ ಇಲ್ಲ, ಇದು ಬಿರುಕು ಬಿಟ್ಟಿದೆ ಎಂದು ಕ್ರಿಸ್ಮಸ್ಸಿನಲ್ಲೇ ಮೇಣ ಹಚ್ಚಿದ್ದೆ, ಬಿರುಕು ಹುಡುಕಿದರೂ ಸಿಕ್ಕಿರಲಿಲ್ಲ, ಆದರೂ ಹಚ್ಚಿದ್ದೆ. ಹೆಂಡತಿ ಬಾಸಿಲಿಯಾ ಅನ್ನುತ್ತಿದ್ದಳು, ಒಲೆ ಮೇಲೆ ಕೆಟ್ಲಿ ಅಷ್ಟು ಕೂಗ್ತಿದೆ, ಪಕ್ಕದಲ್ಲೇ ಕೂತು ಸುಮ್ನೆ ನೋಡ್ತಿದೀರಲ್ಲ, ಆ ಮಿಲ್ಲು ನಿಮ್ ಕಿವಿ ತಿಂದು ಹಾಕ್ತು ಕಣ್ರೀ, ಕೆಟ್ಲಿ ನಿನ್ನ ಕೆಲಸ ಎಂದು ಅವಳ ಬಾಯಿ ಮುಚ್ಚಿಸಿದೆ, ಗಂಡನಲ್ಲವೆ ನಾನು. ಟೀಚರಮ್ಮ ನೈಟಿಯಲ್ಲಿ ಇಳಿದದ್ದು ನಿಜ. ಫೋನು ಬಡಿದುಕೊಂಡದ್ದು ನಿಜ. ಹೇಳಿಬಿಡುತ್ತೇನೆ, ಈ ಗೋಡೆಗೆ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ, ಏರು ದನಿ ನನಗೆ ಕೇಳಿಸುತ್ತಿಲ್ಲ, ಕೇಳಿಸದೆ ಎಷ್ಟು ದಿನವಾಯಿತೋ, ಹಾಗಾದರೆ ಎರಡು ವರ್ಷ ಹೇಗೆ ಊದಿದೆ, ನಿನ್ನೆ ಸಂಜೆಯವರೆಗೆ ಒಂದು ಸ್ವರ ತಪ್ಪದೆ ಹೇಗೆ ಎತ್ತಿಕೊಂಡೆ — ಧಪ್. ಆ ಧಪ್. ಅವನ ಸ್ವರ ಕೇಳಿ ಎತ್ತಿಕೊಂಡದ್ದಲ್ಲ, ಅವನ ಕಾಲು ಕೇಳಿ ಎತ್ತಿಕೊಂಡದ್ದು, ಅವನಿಗೆ ಗೊತ್ತಿತ್ತು, ನನಗಿಂತ ಮೊದಲು ಗೊತ್ತಾಗಿತ್ತು, ನಲವತ್ತು ಜನರ ಮುಂದೆ ನಾನು ಅವನ ಮಾನ ಕಳೆದಾಗಲೂ ಒಂದು ಮಾತು ಸಾಕಿತ್ತು ಅವನಿಗೆ, ಕೆಟ್ಟಿರೋದು ನನ್ ಉಸಿರಲ್ಲ ಇವನ ಕಿವಿ, ಎಂದಿದ್ದರೆ ಮುಗಿಯುತ್ತಿತ್ತು ನನ್ನ ಕಥೆ, ಅನ್ನಲಿಲ್ಲ, ಬಾಯಿ ಒರೆಸಿಕೊಂಡ. ಥೂ, ಎಂಥ ಮನುಷ್ಯ ನಾನು, ಕಿವುಡಾ ನೀನು ಎಂದು ಅವನಿಗೆ ಕೇಳಿದೆನಲ್ಲ.

ಎಷ್ಟು ಹೊತ್ತು ಹೀಗೇ ಕೂತಿದ್ದೆನೋ, ಬಾಗಿಲು ತೆರೆದಿದೆ, ಇಲಾರಿಯೊನ್, ಯಾವಾಗಿನಿಂದ ನಿಂತಿದ್ದಾನೋ, ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಹೊರಗೆ ಆಲಿಕಲ್ಲು ಬಿದ್ದಿರಬೇಕು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಅಪಿ, ನೇರಳೆ ಜೋಳದ ಬಿಸಿ ಗಂಜಿ, ಕಂಕುಳಲ್ಲಿ ರೊಟ್ಟಿ, ಕುಡಿ, ಆರೋಗುತ್ತೆ, ಅಂದ, ದಪ್ಪ ದನಿ ಅವನದು, ಕೇಳುತ್ತದೆ, ದೇವರ ದಯೆ. ಕ್ಷಮಿಸು ಎಂದು ಬಾಯಿ ತೆರೆದೆ, ಬಂದದ್ದು ಬೇರೆ, ಎಲ್ಲಿ ಸತ್ತಿದ್ದೆ ಇಷ್ಟೊತ್ತು? ಚರ್ಚಲ್ಲಿ, ತಾಯಿಗೆ ಒಂದು ಮೇಣದ ಬತ್ತಿ ಹಚ್ಚಿ ಬಂದೆ. ಏನಂತ ಬೇಡ್ಕೊಂಡೆ? ನಿಂಗೆ ಬುದ್ಧಿ ಕೊಡಮ್ಮಾ ಅಂತ. ಕೊಟ್ಲಾ? ಗೊತ್ತಿಲ್ಲಪ್ಪ, ಬತ್ತಿ ಚಿಕ್ಕದು. ನಗಲೂ ಇಲ್ಲ ಮುಠ್ಠಾಳ, ತನ್ನ ಮಂಚದ ಮೇಲೆ ಕೂತು ಅರ್ಕಾ ಎತ್ತಿಕೊಂಡ, ನನ್ನ ಮೊಣಕಾಲಿಗೆ ಅವನ ಮೊಣಕಾಲು ತಾಗುವಷ್ಟು ಇಕ್ಕಟ್ಟು ಈ ರೂಮು, ಒಂದ್ಸಲ ನೋಡೋಣ್ವಾ, ಅಂದ, ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿದೆ, ಕೆಳಗೆ ಅಂಗಳದಲ್ಲಿ ನಮ್ಮ ಡೋಲುಗಳು ಸಾಲುಗಟ್ಟುತ್ತಿವೆ.

ಊದಿದೆ, ಬಿಟ್ಟೆ, ಅವನು ಎತ್ತಿಕೊಂಡ, ಕೇಳಿತು, ಊದಿದೆ, ಬಿಟ್ಟೆ, ಎತ್ತಿಕೊಂಡ, ಇಪ್ಪತ್ತೊಂಬತ್ತು ವರ್ಷ ಮತ್ತೆ ಬಂದು ಕೂತಂತಾಯಿತು, ರಾಗ ಏರಿತು, ಏರಿತು, ಅವನ ಕೆನ್ನೆ ಉಬ್ಬಿತು, ಸದ್ದಿಲ್ಲ, ಕಾಲಿನ ಕಡೆ ನೋಡಿದೆ, ಚಪ್ಪಲಿ ನೆಲದ ಹಲಗೆಯ ಮೇಲೆ ಸಪಾಟಾಗಿ ಕೂತಿದೆ, ಅಲ್ಲಾಡಲಿಲ್ಲ, ನಿಂತೆ. ಮೊದಲಿಂದ, ಅಂದ. ಮೊದಲಿಂದ, ಏರಿತು, ಕೆನ್ನೆ ಉಬ್ಬಿತು, ಕಾಲು ಅಲ್ಲೇ, ನಿಂತೆ. ಬೇಡ ಅಂದಿದ್ದೆನಲ್ಲ, ಮಾತಿಗೆ ನಿಲ್ಲುವ ಮನುಷ್ಯ, ನಾನೇ ಕೇಳಬೇಕು, ಕೇಳಿದರೆ ಒಪ್ಪಿಕೊಂಡ ಹಾಗೆ, ಒಪ್ಪಿಕೊಂಡರೆ ಕಿವುಡ ಅನ್ಸೆಲ್ಮೊ, ಒಪ್ಪದಿದ್ದರೆ ಈ ರೂಮು, ಈ ಮೂರು ಕಂಬಳಿ, ಕಿಟಕಿಯಲ್ಲಿ ನಿಂತು ನಮ್ಮವರು ಹೋಗುವುದನ್ನು ನೋಡುವುದು. ಕೆಳಗಿಂದ ಫ್ರೋಯ್ಲಾನನ ಕೂಗು, ಹದಿನಾಲ್ಕು! ಬರ್ತೀರೋ ಇಲ್ವೋ! ಇಲಾರಿಯೊನ್ ಕೊಳಲು ತೊಡೆಯ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಾನೆ, ಅವಸರವೇ ಇಲ್ಲ ಇವನಿಗೆ, ಕಾಲು, ಅಂದೆ. ಏನು? ಅಂದ, ಕೇಳಿಸಿದೆ ಅವನಿಗೆ, ಬೇಕಂತಲೇ ಕೇಳುತ್ತಿದ್ದಾನೆ, ಕೇಳಲಿ, ಅಷ್ಟಾದರೂ ಸಲ್ಲಬೇಕು ಅವನಿಗೆ. ಕಾಲು ಹಾಕು ಇಲಾರಿಯೊನ್, ನಂಗೆ ಕೇಳಿಸ್ತಿಲ್ಲ. ಹೂಂ, ಅಂದ, ಅಷ್ಟೆ, ಕೊಳಲು ತುಟಿಗಿಟ್ಟ, ನಾನೂ ಇಟ್ಟೆ, ಊದಿದೆ, ಬಿಟ್ಟೆ, ಎತ್ತಿಕೊಂಡ, ಏರಿತು, ಏರಿತು, ಕೆನ್ನೆ ಉಬ್ಬಿದೆ, ಸದ್ದಿಲ್ಲ, ಹಲಗೆಯಿಂದ ಕಾಲು ಮೇಲೆದ್ದಿದೆ, ಟೈರಿನ ಚಪ್ಪಲಿ, ಅದರ ತುದಿಯಲ್ಲಿ ಹೆಬ್ಬೆರಳು, ಗಾಳಿಯಲ್ಲಿದೆ, ಇನ್ನೂ ಇಳಿದಿಲ್ಲ, ಆ ಕಪ್ಪು ಉಗುರು