ನಾಲ್ಕನೇ ಪ್ರೆಸ್ಸಿನ ಹಸಿರು ದೀಪ

ತಗಡಿನ ಬಿಡಿಭಾಗ ಒತ್ತುವ ಪೀಣ್ಯದ ಆ ಶೆಡ್ಡಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಕರೆಂಟು ಹೋಗುತ್ತದೆ. ತಿರುಗಿ ಬಂದಾಗ ನಾಲ್ಕನೇ ಪ್ರೆಸ್ಸಿನ ಹಸಿರು ದೀಪ ಕೂಡಲೇ ಹತ್ತುವುದಿಲ್ಲ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು ಸತಾಯಿಸಿ ಹತ್ತುತ್ತದೆ. ಆ ಪ್ರೆಸ್ಸು ನಡೆಸುವ ಸಿದ್ದಕ್ಕ ಆರು ವರ್ಷದಿಂದ ಎಣಿಸುತ್ತಲೇ ಬಂದಿದ್ದಳು. ಈ ಸೋಮವಾರ ಕರೆಂಟು ಬಂದಾಗ ಮಾತ್ರ, ಅವಳ ಬಾಯಿಂದ ‘ಒಂದು’ ಹೊರಡುವ ಮೊದಲೇ ದೀಪ ಹತ್ತಿಬಿಟ್ಟಿತು.

ಅವಳು ಕೂರಲಿಲ್ಲ.

“ಸಾರ್, ನಿನ್ನೆ ರವಿವಾರ ಇದಕ್ಕ ಏನ್ ಮಾಡೀರಿ?”

“ಸರ್ವಿಸ್ ಕಣಮ್ಮ,” ಎಂದ ಸೂಪರ್‌ವೈಸರ್ ವಿನಾಯಕ್, ಫೋನಿನಿಂದ ಕಣ್ಣೆತ್ತದೆ. “ಬೋರ್ಡು ಸುಟ್ಟೋಗಿತ್ತು, ಬೇರೆ ಹಾಕ್ಸಿದೀವಿ. ಚಿಪ್ಪು ಅಂದ್ರೆ ಎಲ್ಲಾ ಒಂದೇ. ಗಂಟೆಗೆ ನಲವತ್ತು ಪೀಸು ಜಾಸ್ತಿ ಬರುತ್ತೆ, ಖುಷಿ ಪಡು.”

ಖುಷಿ ಪಡು ಅಂದಾಗಲೇ ಅವಳ ಅನುಮಾನ ಗಟ್ಟಿಯಾಯಿತು. ಕೆಲಸದವರ ಖುಷಿಗೆಂದು ಆ ಶೆಡ್ಡಿನಲ್ಲಿ ಯಾರೂ ಭಾನುವಾರ ಬೀಗ ತೆಗೆದದ್ದಿಲ್ಲ. ಪಕ್ಕದ ಐದನೇ ಪ್ರೆಸ್ಸಿನಲ್ಲಿ ಮಹಾನಂದಾ ಕೂತಿದ್ದಳು. ಎಡಗೈಯಲ್ಲಿ ಮೂರೇ ಬೆರಳು. ಎರಡು ಗುಂಡಿಯ ಏರ್ಪಾಡು ಬಂದದ್ದೇ ಉಳಿದೆರಡು ಬೆರಳು ಹೋದಮೇಲೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಮಾತ್ರ ಅಚ್ಚು ಇಳಿಯಬೇಕು, ಒಂದು ಕೈ ಎತ್ತಿದರೂ ನಡುವೆಯೇ ನಿಲ್ಲಬೇಕು.

ಟೀ ಹೊತ್ತಿನಲ್ಲಿ ಸಿದ್ದಕ್ಕ ಎಲೆಕ್ಟ್ರಿಷಿಯನ್ ಮುನಿಕೃಷ್ಣನನ್ನು ಹಿಡಿದಳು.

“ಚಿಪ್ಪೆಲ್ಲಾ ಒಂದೇ ಏನೋ ತಮ್ಮಾ?”

ಅವನು ಗೇಟಿನ ಕಡೆ ಒಮ್ಮೆ ನೋಡಿದ. “ಎಲ್ಲಿ ಒಂದೇ ಅಕ್ಕ. ಹಳೇದು ಎಫ್‌ಪಿಜಿಎ ಅನ್ನೋ ಚಿಪ್ಪು. ಅದು ತನ್ನೊಳಗೆ ಸರ್ಕ್ಯೂಟನ್ನೇ ಕಟ್ಕೊಳ್ಳುತ್ತೆ. ಕರೆಂಟು ಹೋದ್ರೆ ಮರೆತ್ಬಿಡುತ್ತೆ. ಬಂದ್ಮೇಲೆ ಪಕ್ಕದ ಮೆಮೊರಿ ನೋಡ್ಕೊಂಡು ಮತ್ತೆ ಕಟ್ಕೊಳ್ಳುತ್ತೆ. ನೀನು ಎಣಿಸ್ತಿದ್ದದ್ದು ಅದನ್ನೇ.”

“ಹೊಸಾದು?”

“ಮೈಕ್ರೋಕಂಟ್ರೋಲರ್. ಪುಟ್ಟ ಕಂಪ್ಯೂಟ್ರು ಅನ್ಕೋ. ಪ್ರೋಗ್ರಾಮು ಹೊಟ್ಟೆಲೇ ಇರುತ್ತೆ, ಸಾಲುಸಾಲಾಗಿ ಓದ್ಕೊಂಡು ಹೋಗುತ್ತೆ. ಹಳೇದ್ರಲ್ಲಿ ಎರಡೂ ಗುಂಡಿ ಮೇಲೆ ಸದಾ ಕಣ್ಣಿತ್ತು. ಇದು, ನೋಡು ಅಂತ ಬರೆದಿರೋ ಸಾಲು ಬಂದಾಗ ಮಾತ್ರ ನೋಡುತ್ತೆ.”

“ಆ ಸಾಲು ಬರೀಲಿಲ್ಲಂದ್ರ?”

ಮುನಿಕೃಷ್ಣ ಟೀ ಲೋಟ ಕೆಳಗಿಟ್ಟ. “ಕೈ ತೆಗೆದ್ರೂ ಅಚ್ಚು ನಿಲ್ಲಲ್ಲ, ಪೀಸು ಜಾಸ್ತಿ ಬರುತ್ತೆ. ಚಿಪ್ಪಿನ ತಪ್ಪಲ್ಲ ಅಕ್ಕ. ಸರಿಯಾಗಿ ಬರೆದ್ರೆ ಇದೂ ನಿಲ್ಸುತ್ತೆ. ಬರೆದೋನು ನಾನಲ್ಲ. ನಿನ್ನೆ ನನ್ನನ್ನ ಒಳಗೂ ಬಿಟ್ಟಿಲ್ಲ.”

ಒಳಗೆ ಬಂದವಳೇ ಮಿಷಿನ್ನಿನ ಪೂಜೆಗೆ ಇಟ್ಟಿದ್ದ ಪೊಟ್ಟಣದಿಂದ ಒಂದು ಊದಿನಕಡ್ಡಿ ತೆಗೆದು ಅಚ್ಚಿನ ಕೆಳಗೆ ಮಲಗಿಸಿದಳು. ಎರಡೂ ಗುಂಡಿ ಒತ್ತಿದಳು. ಅಚ್ಚು ಇಳಿಯತೊಡಗಿದ್ದೇ ಎಡಗೈ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲೆ ಹಿಡಿದಳು.

ಅಚ್ಚು ನಿಲ್ಲಲಿಲ್ಲ. ಕಡ್ಡಿ ಪುಡಿಯಾಯಿತು. ಪ್ರೆಸ್ಸಿನ ಮೇಲಿನ ಪುಟ್ಟ ಪರದೆಯಲ್ಲಿ ‘ಎರಡೂ ಕೈ ಸರಿ’ ಎಂದು ಬಂತು. ಕಡ್ಡಿಯ ಜಾಗದಲ್ಲಿ ಅವಳ ಕೈ ಹೋಗಿದ್ದರೂ ಅದು ಹಾಗೇ ಬರೆದಿರುತ್ತಿತ್ತು. ತಪ್ಪು ಅವಳದೇ ಆಗಿರುತ್ತಿತ್ತು.

“ನೀನು ಲೇಟಾಗಿ ಎತ್ತಿದೆ,” ಎಂದ ವಿನಾಯಕ್.

“ಹಂಗಾರ ನೀವ ಕುಂದರ್ರಿ ಸಾರ್. ಲಗೂನ ಎತ್ತಿ, ಕಡ್ಡಿ ಇದ್ದಲ್ಲಿ ನಿಮ್ಮ ಕೈ ಇಟ್ಟು ತೋರಸ್ರಿ.”

ಅವನ ಕೈಗಳು ಪ್ಯಾಂಟಿನ ಜೇಬು ಸೇರಿದವು. “ಕೆಲಸ ಬೇಕೋ ಬೇಡ್ವೋ ನಿಂಗೆ?”

ಸಿದ್ದಕ್ಕ ನಾಲ್ಕನೇ ಪ್ರೆಸ್ಸಿನ ಮೇನ್ ಸ್ವಿಚ್ ಇಳಿಸಿ, ಅದರ ಮುಂದೆಯೇ ನಿಂತಳು.

ಐದನೇ ಪ್ರೆಸ್ಸಿನಿಂದ ಮೂರು ಬೆರಳಿನ ಕೈ ಚಾಚಿ ಬಂತು. “ಒಂದು ಕಡ್ಡಿ ಇತ್ತ ಕೊಡವಾ,” ಎಂದಳು ಮಹಾನಂದಾ. “ನಂದೂ ನೋಡಿಬಿಡೂಣು.”