ಮನೆ ಕೊಂಡವಳ ಕಾಗದಗಳು

ಗ್ಲೆಂಡಾ ಪ್ರೂಯಿಟ್ ಮನೆ ಮಾರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕೊಳ್ಳುವವರು ಅದರಲ್ಲಿ ಸಂಸಾರ ಮಾಡಬೇಕು. ಬಾಡಿಗೆಗೆ ಬಿಡುವವರು, ಬಣ್ಣ ಬಳಿದು ಇನ್ನೊಬ್ಬರಿಗೆ ದಾಟಿಸುವವರು, ಕೆಡವಿ ಕಟ್ಟುವವರು ಮೆಟ್ಟಿಲು ಹತ್ತಕೂಡದು. ಇದನ್ನು ಅವಳು ದಲ್ಲಾಳಿಗೂ ಹೇಳಿದಳು, ಗಂಡ ವರ್ಲಿನ್‌ಗೂ ಹೇಳಿದಳು. ಹೇಳಿದ್ದು ಸಾಲದೆಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದಳು.

"ನಲವತ್ತೊಂದು ವರ್ಷ ಒರೆಸಿ ಗುಡಿಸಿದ ಮನೆ. ಯಾರಾದ್ರೂ ಇರ್ಲಿ ಅದರಲ್ಲಿ. ನಾನು ಕೇಳೋದು ಅಷ್ಟೇ."

"ಆಯ್ತು ಗ್ಲೆನ್, ಆಯ್ತು" ಎಂದ ವರ್ಲಿನ್. ಆಗ ಅವಳು ಚಂದ್ರನನ್ನು ತಂದುಕೊಡು ಎಂದಿದ್ದರೂ ಅವನು ಆಯ್ತು ಎನ್ನುತ್ತಿದ್ದ.

ಅವನಾದರೂ ಏನು ಮಾಡಿಯಾನು? ಇಂಡಿಯಾನಾದ ಅದೇ ನಲವತ್ತು ಮೈಲಿ ರಸ್ತೆಯಲ್ಲಿ ಮೂವತ್ತಮೂರು ವರ್ಷ ಬ್ರೆಡ್ಡಿನ ಲಾರಿ ಓಡಿಸಿದ ಪ್ರಾಣಿ. ನಿವೃತ್ತನಾದ ಮೇಲೆ ಅವನಿಗೆ ಹಿಡಿದದ್ದು ಒಂದೇ ಹುಚ್ಚು. ಮನೆ ಮಾರಬೇಕು, ಪಿಕಪ್ ಟ್ರಕ್ಕಿನ ಹಿಂದೆ ಮೂವತ್ತೊಂದು ಅಡಿಯ ಟ್ರೇಲರ್ ಕಟ್ಟಿಕೊಳ್ಳಬೇಕು, ಹಾಸಿಗೆ, ಒಲೆ, ಕಕ್ಕಸು ಸಮೇತ ದೇಶ ಸುತ್ತುತ್ತ ಅದರಲ್ಲೇ ಬದುಕಿಬಿಡಬೇಕು. ವಾರ ಹದಿನೈದು ದಿನದ ಪ್ರವಾಸವಲ್ಲ, ಕೈಕಾಲು ಆಡುವ ತನಕ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಸರಿಸಿ ನಕ್ಷೆ ಹರಡಿಕೊಂಡು ಅವನು ಟೈರಿಗೆ ಎಷ್ಟು ಗಾಳಿ ಬೇಕೆಂದು ಹೇಳುತ್ತಿದ್ದರೆ ಗ್ಲೆಂಡಾ ತಲೆ ಆಡಿಸುತ್ತಿದ್ದಳು. ಬೇರೆ ಯಾವ ವಿಷಯಕ್ಕೂ ಆ ಮನುಷ್ಯ ಹತ್ತು ಮಾತು ಆಡಿದವನಲ್ಲ. ಮದುವೆಗೆ ಕೇಳುವಾಗಲೂ "ಏನಂತೀಯ?" ಎಂದಷ್ಟೇ ಕೇಳಿದ್ದ.

ಆದರೆ ಮನೆ ಹೋಗಲೊಲ್ಲದು. ಏಳು ತಿಂಗಳು ಜನ ಬಂದರು. ಬಂದವರೆಲ್ಲ ನೆಲಮಾಳಿಗೆಗೆ ಇಳಿದು, ಗೋಡೆಯ ಬಿರುಕು ನೋಡಿ, ಮೂಗು ಹಿಡಿದುಕೊಂಡು ಮೇಲೆ ಬಂದು, ಅಡುಗೆಮನೆ ಚೆನ್ನಾಗಿದೆ ಎಂದು ಹೇಳಿ ಹೋದರು. ವರ್ಲಿನ್ ನಕ್ಷೆ ಹರಡುವುದನ್ನು ನಿಲ್ಲಿಸಿದ. ಕಿಟಕಿಯ ಮುಂದೆ ಸುಮ್ಮನೆ ಕೂರತೊಡಗಿದ.

ಜುಲೈನಲ್ಲಿ ಆ ಕಾಗದ ಬಂತು. ಮನೆ ಮೆಚ್ಚಿದವರು ಮಾಲೀಕರ ಮನಸ್ಸು ಕರಗಲೆಂದು ಫೋಟೋ ಸಮೇತ ಕಾಗದ ಬರೆಯುವುದು ಅಲ್ಲಿ ವಾಡಿಕೆ. ಬರೆದವಳ ಹೆಸರು ಟೆಸ್ಸಾ. ಗಂಡ, ಆರು ವರ್ಷದ ಮಗಳು ಜೂನಿ. ಸದ್ಯ ಬೇರೆ ರಾಜ್ಯದಲ್ಲಿದ್ದಾರೆ, ಅಕ್ಟೋಬರಿನಲ್ಲಿ ಬರುತ್ತಾರೆ. "ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಅದಕ್ಕೇ ಟೈಪ್ ಮಾಡಿದ್ದೇನೆ. ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬೆಳಗಿನ ಬಿಸಿಲು ಬೀಳುತ್ತದಲ್ಲ, ಅಲ್ಲಿ ನನ್ನ ಮಗಳು ಕೂತು ಹಾಲು ಕುಡಿಯುವುದು ನನಗೆ ಈಗಲೇ ಕಾಣುತ್ತಿದೆ" ಎಂದು ಬರೆದಿದ್ದಳು. ಗ್ಲೆಂಡಾ ಓದಿ ಕಣ್ಣೊರೆಸಿಕೊಂಡಳು. ಫೋಟೋ ನೋಡಿ, "ಎಂಥ ಸಾಲು ಹಲ್ಲು ನೋಡು ಮಗುವಿಗೆ!" ಎಂದಳು.

ಅವಳು ಉತ್ತರ ಬರೆದಳು. ನೋಂದಣಿ ಮುಗಿಯುವ ತನಕ ಎರಡೂ ಕಡೆಯವರು ನೇರವಾಗಿ ವ್ಯವಹರಿಸುವ ಹಾಗಿಲ್ಲ, ದಲ್ಲಾಳಿಯ ಆಫೀಸಿಗೆ ಕೊಟ್ಟರೆ ತಲುಪಿಸುತ್ತಾರೆ ಎಂದ ವರ್ಲಿನ್. ತಾನೇ ಒಯ್ದು ಕೊಟ್ಟ, ತಾನೇ ಉತ್ತರ ತಂದ. ಮೊದಲ ಕಾಗದದಲ್ಲಿ ಗ್ಲೆಂಡಾ ಯಾವ ಕಿಟಕಿ ಮಳೆ ಬಂದರೆ ಬಿಗಿಯುತ್ತದೆಂದು ತಿಳಿಸಿದಳು. ಎರಡನೆಯದರಲ್ಲಿ ತನ್ನ ಮಂಡಿನೋವು, ಶಾಲೆಯ ಅಡುಗೆಮನೆಯಲ್ಲಿ ದುಡಿದ ವರ್ಷಗಳು ಬಂದವು. ಟೆಸ್ಸಾ ಪ್ರತಿಯೊಂದನ್ನೂ ಬಿಡಿಸಿ ಕೇಳಿದಳು, ಪ್ರತಿಯೊಂದಕ್ಕೂ ಉತ್ತರ ಹೇಳಿದಳು. "ನಿಮ್ಮ ಕಾಗದವನ್ನು ನಾನು ಎರಡೆರಡು ಸಲ ಓದುತ್ತೇನೆ. ನಿಮ್ಮ ಜೊತೆ ಬಾಳುವವರು ಅದೃಷ್ಟವಂತರು" ಎಂದಿದ್ದಳು. ಹೀಗೆಂದು ಗ್ಲೆಂಡಾಗೆ ಈ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ.

ಮೂರನೆಯ ಕಾಗದದಲ್ಲಿ ಅವಳು ಯಾರಿಗೂ ಹೇಳದ್ದನ್ನು ಬರೆದುಬಿಟ್ಟಳು. "ಟೆಸ್ಸಾ, ನನಗೆ ಹೋಗಲು ಒಂದಿಷ್ಟೂ ಇಷ್ಟವಿಲ್ಲ. ಆ ಟ್ರೇಲರಿನೊಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತದೆ. ಬೇಡ ಅಂದರೆ ನನ್ನ ಗಂಡ ಒಂದು ಮಾತೂ ಆಡದೆ ನಕ್ಷೆ ಮಡಿಸಿಟ್ಟುಬಿಡುತ್ತಾನೆ. ಆಮೇಲೆ ಕಿಟಕಿಯ ಮುಂದೆ ಕೂತು ಸಾಯುತ್ತಾನೆ. ಅದಕ್ಕೇ ಬೇಡ ಅನ್ನಲಾರೆ. ನಾನು ಏನು ಮಾಡಲಿ ಹೇಳು."

ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. "ನನ್ನ ಅಜ್ಜಿಯೂ ಹೀಗೇ ಹೆದರಿದ್ದಳು. ಹೆದರಿಕೆಯನ್ನು ಬಿಟ್ಟು ಹೊರಡಬೇಕೆಂದು ಕಾಯಬೇಡಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೇ ಹೊರಡಿ. ಐವತ್ತು ಮೈಲಿ ಹೋಗುವಷ್ಟರಲ್ಲಿ ಅದೇ ನಿದ್ದೆಹೋಗುತ್ತದೆ. ಮನೆಯ ಚಿಂತೆ ಬೇಡ, ನಾನಿದ್ದೇನೆ." ಆ ನಾಲ್ಕು ಸಾಲನ್ನು ನಂಬಿ ಗ್ಲೆಂಡಾ ಗಟ್ಟಿ ಮನಸ್ಸು ಮಾಡಿದಳು.

ಸಹಿಯ ದಿನ ಕೊಳ್ಳುವವರ ಜಾಗದಲ್ಲಿ ಯಾವುದೋ ಕಂಪನಿಯ ಹೆಸರಿತ್ತು. "ಇದೇನಿದು?" ಎಂದಳು. "ತೆರಿಗೆ ಉಳಿಸೋಕೆ ಈಗಿನ ಹುಡುಗ್ರು ಹೀಗೆ ಮಾಡ್ತಾರೆ" ಎಂದ ವರ್ಲಿನ್. ಹಳದಿ ಚೀಟಿ ಅಂಟಿಸಿದ ಕಡೆಯೆಲ್ಲ ಸಹಿ ಹಾಕಿ ಬಂದಳು. ಮಂಚ, ಬೀರು, ಪಿಂಗಾಣಿ ತಟ್ಟೆಗಳನ್ನು ಅಂಗಳದಲ್ಲಿ ಹರಡಿ ಬಂದ ಬೆಲೆಗೆ ಕೊಟ್ಟರು. ಪಶ್ಚಿಮಕ್ಕೆ ಹೊರಡುವ ಮುನ್ನ ರೂಢಿಯಾಗಲೆಂದು ಒಂದು ಗಂಟೆ ದೂರದ ಕೆರೆಯ ದಂಡೆಯಲ್ಲಿ, ಇಂಥ ಗಾಡಿಗಳೇ ತಂಗುವ ಜಾಗದಲ್ಲಿ, ಟ್ರೇಲರ್ ನಿಲ್ಲಿಸಿಕೊಂಡರು.

ಹತ್ತನೆಯ ದಿನಕ್ಕೆ ಅಕ್ಟೋಬರ್ ಬಂತು. ಗ್ಲೆಂಡಾ ಟ್ರೇಲರಿನ ಬೆಂಕಿಪೊಟ್ಟಣದಂಥ ಒಲೆಯಲ್ಲಿ ಪರ್ಸಿಮನ್ ಹಣ್ಣಿನ ಪುಡಿಂಗ್ ಬೇಯಿಸಿದಳು. ಹೊಸ ಮನೆಗೆ ಬಂದವರಿಗೆ ಬಿಸಿಯಾಗಿ ಏನಾದರೂ ಕೊಡದಿದ್ದರೆ ಹೇಗೆ? ವರ್ಲಿನ್ ಪಕ್ಕದ ಗಾಡಿಯವರ ಕೊಳವೆ ರಿಪೇರಿಗೆ ಹೋಗಿದ್ದ. ಹೇಳಿದರೆ ಇವತ್ತು ಬೇಡ, ನಾಳೆ ಎನ್ನುತ್ತಾನೆ. ಟೆಸ್ಸಾಳನ್ನು ನೋಡುವ ಮಾತೆತ್ತಿದಾಗಲೆಲ್ಲ ಅವನದು ಒಂದೊಂದು ನೆಪ. ಟ್ರೇಲರ್ ಬಿಚ್ಚಿ ನಿಲ್ಲಿಸಿದ್ದರಿಂದ ಟ್ರಕ್ಕು ಖಾಲಿ ಇತ್ತು. ಕೀಲಿ ತೆಗೆದುಕೊಂಡು ತಾನೇ ಹೊರಟಳು. ದಾರಿಯುದ್ದಕ್ಕೂ ಆ ಹುಡುಗಿಯನ್ನು ಕಂಡರೆ ಮೊದಲು ಏನು ಹೇಳಬೇಕೆಂದು ಯೋಚಿಸಿದಳು.

ಬೀದಿಯ ತಿರುವಿನಲ್ಲಿ ಅವಳಿಗೆ ದಾರಿ ತಪ್ಪಿದೆ ಅನ್ನಿಸಿತು. ನಲವತ್ತೊಂದು ವರ್ಷ ತಿರುಗಿದ ತಿರುವು! ಮನೆ ಇರಬೇಕಾದಲ್ಲಿ ಆಕಾಶ ಇತ್ತು. ಕೆಳಗೆ ಒಂದು ಜೆಸಿಬಿ ತನ್ನ ಹಲ್ಲುಗಳಲ್ಲಿ ಅವಳ ಅಡುಗೆಮನೆಯ ನೀಲಿ ಗೋಡೆಯ ಒಂದು ಚೂರು ಕಚ್ಚಿಕೊಂಡು ನಿಂತಿತ್ತು. ಪುಡಿಂಗಿನ ಪಾತ್ರೆ ಹಿಡಿದುಕೊಂಡೇ ಇಳಿದಳು, ಯಾಕೆ ಹಿಡಿದುಕೊಂಡೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಹೆಲ್ಮೆಟ್ ಹಾಕಿಕೊಂಡ ಮೇಸ್ತ್ರಿಯೊಬ್ಬ ಓಡಿಬಂದ. "ಮೇಡಂ, ಹತ್ರ ಬರ್ಬೇಡಿ! ಮೊಳೆ ಗಿಳೆ ಚುಚ್ಚುತ್ತೆ!"

"ನೀವು ಬೇರೆ ಯಾರದೋ ಮನೆ ಕೆಡವಿಬಿಟ್ಟಿದ್ದೀರಿ" ಎಂದಳು ಗ್ಲೆಂಡಾ. "ಇದು ಟೆಸ್ಸಾ ಅನ್ನೋ ಹುಡುಗೀದು. ಅವಳಿಗೆ ಮಗು ಇದೆ. ನಿಲ್ಲಿಸಿ, ದಯವಿಟ್ಟು ನಿಲ್ಲಿಸಿ!"

"ಯಾವ ಟೆಸ್ಸಾ? ಆಸ್ಪತ್ರೆಯವರ ಪಾರ್ಕಿಂಗಿಗೆ ತಗೊಂಡಿರೋ ಜಾಗ ಮೇಡಂ ಇದು. ಜೂನ್ ತಿಂಗಳಿಂದ ಗೊತ್ತು ನಮಗೆ." ಅವನು ಅವಳ ಮುಖ ನೋಡಿ ದನಿ ಇಳಿಸಿದ. "ಇಲ್ಲಿದ್ರಲ್ಲ ಯಜಮಾನ್ರು, ಬ್ರೆಡ್ ಲಾರಿ ಓಡಿಸ್ತಿದ್ರಂತೆ, ಅವರೇ ಆಗಸ್ಟಲ್ಲಿ ನನ್ನ ಕರ್ಕೊಂಡು ಸುತ್ತಿ ಗ್ಯಾಸು, ನೀರಿನ ಪೈಪು ಎಲ್ಲಿದೆ ಅಂತ ತೋರಿಸಿದ್ರು. ಬಹಳ ಒಳ್ಳೇವ್ರು. ನೀವು ಅವರಿಗೆ ಏನಾಗ್ಬೇಕು?"

ಆಗಸ್ಟಿನಲ್ಲಿ ಅವಳು ಅಕ್ಕನ ಮನೆಗೆ ನಾಲ್ಕು ದಿನ ಹೋಗಿದ್ದಳು. ಕಳಿಸಿದವನು ವರ್ಲಿನ್. ಗ್ಲೆಂಡಾ ಪಾತ್ರೆಯನ್ನು ಮೇಸ್ತ್ರಿಯ ಕೈಯಲ್ಲಿಟ್ಟು, "ಇನ್ನೂ ಬೆಚ್ಚಗಿದೆ, ತಿನ್ನಿ" ಎಂದು ಟ್ರಕ್ಕು ಹತ್ತಿದಳು.

ವಾಪಸ್ಸು ಹೋಗುವಾಗ ಯಾವ ಊರು ದಾಟಿದಳೋ ಅವಳಿಗೆ ನೆನಪಿಲ್ಲ. ಗಂಡ ಮೋಸ ಮಾಡಿದ ಎಂಬುದು ಅರ್ಥವಾಗಿತ್ತು; ದಲ್ಲಾಳಿಯೂ ಅವನೂ ಸೇರಿ ಯಾರೋ ಹುಡುಗಿಯ ಕೈಲಿ ಕಾಗದ ಬರೆಸಿದ್ದಾರೆ. ಆ ಹುಡುಗಿ ದುಡ್ಡಿಗೇ ಬರೆದಿರಲಿ, ಬರೆದಳಲ್ಲ. ಅವಳನ್ನಾದರೂ ಹುಡುಕಬೇಕು. ಮನೆಯಂತೂ ಹೋಯಿತು, ಟೆಸ್ಸಾ ಎಲ್ಲಾದರೂ ಇರಬೇಕಲ್ಲ ಎಂದುಕೊಂಡಳು ಪಾಪದ ಹೆಂಗಸು.

ವರ್ಲಿನ್ ಟ್ರೇಲರಿನ ಮುಂದೆ ಮಡಿಸುವ ಕುರ್ಚಿಯಲ್ಲಿ ಕೂತು ಸೇಬು ಕೊಯ್ಯುತ್ತಿದ್ದ. "ಎಲ್ಲಿಗೆ ಹೋಗಿದ್ದೆ? ಒಂದು ಚೀಟಿನಾದ್ರೂ ಇಡಬಾರ್ದಾ?"

"ಮನೆಗೆ."

ಅವನ ಕೈ ನಿಂತಿತು.

"ಅಡುಗೆಮನೆ ಜೆಸಿಬಿ ಬಾಯಲ್ಲಿತ್ತು, ವರ್ಲಿನ್."

ಅವನು ಚಾಕು ಮಡಿಸಿದ. ಸೇಬಿನ ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. "ಯಾರಿಗೂ ಬೇಕಾಗಿರ್ಲಿಲ್ಲ ಗ್ಲೆನ್. ನಿನ್ನ ಮನೆ ಯಾರಿಗೂ ಬೇಡ ಅಂತ ನಿನಗೆ ಹೇಗೆ ಹೇಳ್ಲಿ? ಕೇಳ್ದೋರು ಆಸ್ಪತ್ರೆಯವರೊಬ್ಬರೇ."

"ಫೋಟೋ?"

"ಅಂಗಡೀಲಿ ಫ್ರೇಮ್ ತಗೊಂಡ್ರೆ ಒಳಗೆ ಇಟ್ಟಿರ್ತಾರಲ್ಲ, ಅದು."

ಮೂರು ತಿಂಗಳು ಅವಳು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ ಮಗು! ಗ್ಲೆಂಡಾ ಟ್ರಕ್ಕಿನ ಬಾಗಿಲನ್ನು ಹಿಡಿದುಕೊಂಡಳು. "ಅವಳನ್ನ ನೋಡಬೇಕು ನಾನು. ಬರೆದೋಳನ್ನ. ಯಾರವಳು? ದಲ್ಲಾಳಿ ಆಫೀಸಿನೋಳಾ?"

ವರ್ಲಿನ್ ತನ್ನ ಬೂಟು ನೋಡಿದ. "ನಾನೇ."

"ಏನು ನೀನೇ?"

"ಬರೆದದ್ದು. ಲೈಬ್ರರೀಲಿ ಕೂತು."

ಪಕ್ಕದ ಗಾಡಿಯವರ ರೇಡಿಯೋ ಏನೋ ಹಾಡುತ್ತಿತ್ತು. ಗ್ಲೆಂಡಾಗೆ ಅದೊಂದು ಬಿಟ್ಟು ಏನೂ ಕೇಳಿಸಲಿಲ್ಲ. ಟ್ರಕ್ಕಿನ ಮೆಟ್ಟಿಲ ಮೇಲೆ ಕೂತಳು.

"ಮೂರನೇ ಕಾಗದ?" ಎಂದಳು ಕೊನೆಗೆ. "ಅದನ್ನ... ಓದಿದ್ಯಾ?"

"ಓದ್ದೆ."

"ನನಗೆ ಇಷ್ಟ ಇಲ್ಲ, ಉಸಿರು ಕಟ್ಟುತ್ತೆ ಅಂತ ಬರೆದಿದ್ದೆನಲ್ಲೋ! ಓದಿ ಏನ್ಮಾಡ್ದೆ?"

"ಹತ್ತು ದಿನ ನಿದ್ದೆ ಬರ್ಲಿಲ್ಲ."

"ಹನ್ನೊಂದನೇ ದಿನ ಹೊರಡಿ ಅಂತ ಬುದ್ಧಿ ಹೇಳಿದೆ! ನಿನ್ನ ಅಜ್ಜಿ ಎಲ್ಲಿಗೆ ಹೋಗಿದ್ಲೋ? ಕೊಟ್ಟಿಗೆ ದಾಟಿ ಹೋದೋಳಲ್ಲ ಅವಳು!"

"ಮಾರೋದನ್ನ ನಿಲ್ಸಿಬಿಡೋಣ ಅಂತಿದ್ದೆ" ಎಂದ ವರ್ಲಿನ್. "ನಿಲ್ಸಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ಓದಿದ್ದು ಹೇಳಬೇಕಾಗ್ತಿತ್ತು. ಆಮೇಲೆ... ಹೋಗಬೇಕು ಅಂತ್ಲೂ ಇತ್ತು. ಸುಳ್ಳು ಯಾಕೆ ಹೇಳ್ಲಿ. ಬಹಳ ಇತ್ತು."

ಗ್ಲೆಂಡಾ ಎದ್ದು ಒಳಗೆ ಹೋದಳು. ಸಿಟ್ಟು ಬಂದರೆ ದಡಾರನೆ ಹಾಕಿಕೊಳ್ಳಲು ಆ ಟ್ರೇಲರಿನಲ್ಲಿ ಸರಿಯಾದ ಬಾಗಿಲೂ ಇರಲಿಲ್ಲ, ನಾಲ್ಕು ಹೆಜ್ಜೆಗೆ ಹಾಸಿಗೆ ಬಂದುಬಿಡುತ್ತಿತ್ತು. ಅವಳಿಗೆ ಹೊಟ್ಟೆ ಉರಿಯುತ್ತಿದ್ದುದು ಮನೆಗಲ್ಲ. ಅರವತ್ತೇಳು ವರ್ಷಕ್ಕೆ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು, ಅವಳು ಸತ್ತೂ ಇಲ್ಲ, ಹುಟ್ಟೇ ಇರಲಿಲ್ಲ. ಅತ್ತರೆ ಯಾರಿಗೆಂದು ಅಳುವುದು?

ಹೊರಗಿನಿಂದ ಅವನ ದನಿ ಬಂತು. "ಬೇರೆ ಮನೆ ನೋಡೋಣ ಗ್ಲೆನ್. ನೀನು ಹೇಳಿದ ಕಡೆ. ಟ್ರೇಲರ್ ನಾಳೇನೇ ಮಾರ್ತೀನಿ."

"ಒಳಗೆ ಬಾ."

ಬಂದ. ಅವಳು ಮೇಜಿನ ಮೇಲೆ ಕಾಗದದ ಕಟ್ಟು, ಪೆನ್ನು ಇಟ್ಟಿದ್ದಳು.

"ನಿನ್ನ ಜೊತೆ ಬಾಳುವವರು ಅದೃಷ್ಟವಂತರು ಅಂತ ಬರೆದ್ಯಲ್ಲ. ಅದು ಯಾರ ಮಾತು? ಅವಳದಾ, ನಿಂದಾ?"

"ನಂದೇ."

"ಹಾಗಾದ್ರೆ ನಿನ್ನ ಬಾಯಲ್ಲಿ ಅದು ಯಾಕೆ ಬರ್ಲಿಲ್ಲ? ನಲವತ್ತೊಂದು ವರ್ಷ ಟೈರಿನ ಗಾಳಿ ಕೇಳಿದ್ದೀನಿ! ಕೂತ್ಕೋ. ಬರಿ. ನಿನ್ನ ಹೆಸರಲ್ಲಿ ಬರಿ. ನನಗೆ ಹೀಗೆ ಮಾಡೋಕೆ ನಿನಗೆ ಹೇಗೆ ಮನಸ್ಸು ಬಂತು ಅಂತ ಬರಿ."

ಅವನು ಕೂತ. "ಪ್ರೀತಿಯ ಗ್ಲೆನ್" ಎಂದು ಬರೆದ. ಪೆನ್ನು ನಿಂತಿತು. ಅವನ ಹಣೆಯ ಮೇಲೆ ಬೆವರು ಮೂಡಿತು. ಕಾಲು ಗಂಟೆಯಾಯಿತು. ಇನ್ನೊಂದು ಅಕ್ಷರ ಬೀಳಲಿಲ್ಲ. ಅವನು ಹಟ ಮಾಡುತ್ತಿರಲಿಲ್ಲ; ಅದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಆಗ್ತಿಲ್ಲ" ಎಂದ. ತಲೆ ಎತ್ತದೆ, ಕೇಳಿಸಿತೋ ಇಲ್ಲವೋ ಎಂಬಂತೆ, "ಅವಳ ಹೆಸರಲ್ಲಾದ್ರೆ ಬರೀತೀನಿ" ಎಂದ.

ಗ್ಲೆಂಡಾಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ಮೇಲೆ ಎಸೆದುಬಿಡಬೇಕೆನ್ನಿಸಿತು. ಎಂಥ ನಾಚಿಕೆಗೆಟ್ಟವನು, ಇಷ್ಟಾದ ಮೇಲೂ! ಆದರೆ ಆ ದಿನದ ಎಲ್ಲ ಆಘಾತಕ್ಕಿಂತ ದೊಡ್ಡದು ಅವಳೊಳಗೇ ಇತ್ತು. ಅವಳಿಗೆ ಆ ಕಾಗದ ಬೇಕಾಗಿತ್ತು. ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಾಗಿತ್ತು.

"ಬರಿ" ಎಂದಳು.

ವರ್ಲಿನ್ ಹಾಳೆ ಬದಲಿಸಿದ. "ಪ್ರೀತಿಯ ಗ್ಲೆಂಡಾ ಅವರೇ" ಎಂದು ಶುರುಮಾಡಿದ. ಆಮೇಲೆ ಅವನ ಕೈ ನಿಲ್ಲಲೇ ಇಲ್ಲ. ಒಂದು ಪುಟ ತುಂಬಿ ಇನ್ನೊಂದಕ್ಕೆ ಹೋಯಿತು. ಅವನ ಕಣ್ಣಿಂದ ನೀರು ಹಾಳೆಯ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳುವಷ್ಟೂ ಅವನು ನಿಲ್ಲಿಸಲಿಲ್ಲ. ಗ್ಲೆಂಡಾ ಎದುರಿಗೆ ಕೂತು, ಟೆಸ್ಸಾ ಏನು ಹೇಳುತ್ತಾಳೋ ಎಂದು ಕಾದಳು.